ಜೋಳದ ರೊಟ್ಟಿಯ ಮೇಲೆ ಪಿಜ್ಜಾ

ಮಕ್ಕಳು ಪಿಜ್ಜಾ ಬೇಕೆಂದು ಹಟ ಹಿಡಿದರೆ ಬೈಯಬೇಡಿ. ಅದು ಇಟಲಿಯ ನೇಪಲ್ಸ್ ನಗರದ ಬಡವರ ರೊಟ್ಟಿಯಾಗಿತ್ತು. ಮುಂಡರಗಿಯ ಮನೆಗಳಿಗೆ ರೊಟ್ಟಿ ಹೊಸದೇ?

ಈ ಭಾನುವಾರ ರಾತ್ರಿ ಮನೆಯಲ್ಲೇ ಮಾಡಿ ನೋಡಿ. ಜೋಳದ ರೊಟ್ಟಿಯನ್ನು ಸ್ವಲ್ಪ ದಪ್ಪಗೆ ಬಡಿದು, ಎರಡೂ ಬದಿ ಬೇಯಿಸಿ. ಮೇಲೆ ಟೊಮೆಟೊ, ಬೆಳ್ಳುಳ್ಳಿಯ ಗಟ್ಟಿ ಚಟ್ನಿ ಸವರಿ. ಉಳ್ಳಾಗಡ್ಡಿ, ದೊಣ್ಣೆಮೆಣಸಿನಕಾಯಿ, ಮೊಳಕೆ ಬರಿಸಿ ಬೇಯಿಸಿದ ಹೆಸರುಕಾಳು ಹರಡಿ. ಕೊನೆಗೆ ತುರಿದ ಚೀಸ್ ಉದುರಿಸಿ, ಹಂಚಿನ ಮೇಲೆ ಮುಚ್ಚಳ ಹಾಕಿ, ಚೀಸ್ ಕರಗುವವರೆಗೆ ಸಣ್ಣ ಉರಿಯಲ್ಲಿಡಿ. ಓವನ್ ಬೇಕಿಲ್ಲ. ಹೊಸದಾಗಿ ಕೊಳ್ಳಬೇಕಾದದ್ದು ಬಹುಶಃ ಚೀಸ್ ಒಂದೇ.

ಜೋಳದಲ್ಲಿ ಮೈದಾಕ್ಕಿಂತ ನಾರಿನಂಶ ಹೆಚ್ಚು. ಆದರೆ ಚೀಸಿನಲ್ಲಿ ಕೊಬ್ಬಿನ ಜೊತೆಗೆ ಉಪ್ಪೂ ಇರುತ್ತದೆ. ವಯಸ್ಕರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕೆನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಆದ್ದರಿಂದ ಚಟ್ನಿಗೆ ಉಪ್ಪು ಹಾಕಬೇಡಿ, ಚೀಸ್ ಮಿತವಾಗಿರಲಿ. ತಿನ್ನುವಾಗ ನಿಂಬೆಹಣ್ಣು ಹಿಂಡಿಕೊಳ್ಳಿ; ಕಾಳಿನಲ್ಲಿರುವ ಕಬ್ಬಿಣದ ಅಂಶವನ್ನು ದೇಹ ಹೀರಿಕೊಳ್ಳಲು ಅದು ನೆರವಾಗುತ್ತದೆ.

ಇನ್ನೊಂದು ಮಾತು, ಇದೇ ಮುಖ್ಯ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ. 57ರಷ್ಟು ಮಂದಿಗೆ ರಕ್ತಹೀನತೆ ಇತ್ತು. ಎಲ್ಲರಿಗೂ ಬಿಸಿಬಿಸಿ ಬಡಿಸಿ, ಉಳಿದದ್ದನ್ನು ತಾಯಿ ಒಬ್ಬಳೇ ತಿನ್ನುವ ರಾತ್ರಿ ವಿಶೇಷ ಹೇಗಾದೀತು? ರೊಟ್ಟಿಗಳನ್ನು ಮೊದಲೇ ಬೇಯಿಸಿಡಿ. ಮಕ್ಕಳು ಚಟ್ನಿ ಸವರಲಿ, ಅಪ್ಪ ಹಂಚಿನ ಮುಂದೆ ನಿಲ್ಲಲಿ. ಮೊದಲ ಪಿಜ್ಜಾ ಅವ್ವನ ತಾಟಿಗೆ ಬೀಳಲಿ.