ದೌತಿ ಮನೆಯಲ್ಲೇ ಇರಲಿ

ಮೇ ಮುಗಿದು ಜೂನ್ ಬಂತೆಂದರೆ ಹುಬ್ಬಳ್ಳಿ-ಧಾರವಾಡದ ಮನೆಗಳಲ್ಲಿ ಪ್ರಿಂಟರಿಗೆ ಸುಗ್ಗಿ. ಕಾಲೇಜು ಪ್ರವೇಶದ ಅರ್ಜಿ, ಸ್ಪರ್ಧಾತ್ಮಕ ಪರೀಕ್ಷೆಯ ಹಳೆ ಪ್ರಶ್ನೆಪತ್ರಿಕೆ, ಮಕ್ಕಳ ಪ್ರಾಜೆಕ್ಟಿನ ಚಿತ್ರ ಎಲ್ಲಕ್ಕೂ ಅದೇ ಬೇಕು. ಇಂಕ್ ಮುಗಿಯುವುದೂ ಆಗಲೇ. ಮೂರು-ನಾಲ್ಕು ಸಾವಿರಕ್ಕೆ ಸಿಕ್ಕ ಯಂತ್ರಕ್ಕೆ ಕಪ್ಪು, ಬಣ್ಣ ಎರಡೂ ಕಾರ್ಟ್ರಿಡ್ಜ್ ಹೊಸದಾಗಿ ಕೊಂಡರೆ ಹೆಚ್ಚುಕಡಿಮೆ ಅರ್ಧ ಯಂತ್ರದ ದುಡ್ಡು ಹೋಯಿತು. ಹೀಗಿರುವಾಗ ಸಿರಿಂಜ್ ಹಿಡಿದು ಮನೆಯಲ್ಲೇ ಇಂಕ್ ತುಂಬಿಕೊಳ್ಳುವವರನ್ನು ಜಿಪುಣರೆಂದು ನಗುವವರಿದ್ದಾರೆ. ನನ್ನ ಪ್ರಕಾರ ಈ ವ್ಯಾಪಾರದಲ್ಲಿ ಲೆಕ್ಕ ಸರಿಯಾಗಿ ಹಾಕಿದವರು ಅವರೊಬ್ಬರೇ.

ಪ್ರಿಂಟರನ್ನು ಅಗ್ಗಕ್ಕೆ ಕೊಟ್ಟು ಇಂಕಿನಲ್ಲಿ ಲಾಭ ತೆಗೆಯುವುದು ಈ ಉದ್ಯಮದ ಹಳೆಯ ಜಾಡು. ಸಣ್ಣ ಕಪ್ಪು ಕಾರ್ಟ್ರಿಡ್ಜಿಗೆ 900 ರೂಪಾಯಿ, ಅದರಿಂದ 180 ಪುಟ ಎಂದು ಹಿಡಿಯಿರಿ. ಪುಟಕ್ಕೆ 5 ರೂಪಾಯಿ ಬಿತ್ತು. ಅದೂ ಹಾಳೆಯ ನೂರರಲ್ಲಿ ಐದು ಭಾಗಕ್ಕಷ್ಟೇ ಇಂಕ್ ತಾಗುತ್ತದೆ ಎಂಬ ಅಂದಾಜಿನ ಮೇಲೆ. ಫೋಟೊ ಇದ್ದರೆ ಆ ಲೆಕ್ಕ ನಿಲ್ಲುವುದಿಲ್ಲ. ಇನ್ನು 100 ಮಿಲಿಯ ಇಂಕ್ ಬಾಟಲಿಗೆ 300 ರೂಪಾಯಿ ಅನ್ನೋಣ. ಸಲಕ್ಕೆ ಐದಾರು ಮಿಲಿ ಹಾಕಿ, ಚೆಲ್ಲಿದ್ದು ಬಳಿದದ್ದು ಕಳೆದರೂ ಹದಿನೈದು ಸಲ ತುಂಬಬಹುದು. ಅಲ್ಲಿಗೆ ಪುಟದ ಇಂಕಿಗೆ ಹದಿನೈದು ಪೈಸೆಯೂ ಆಗದು. ಈ ಎರಡು ಲೆಕ್ಕಗಳ ನಡುವಿನ ಅಂತರವೇ ನನ್ನ ವಾದ.

ಇಂಕ್ ತುಂಬಿದರೆ ಯಂತ್ರ ಕೆಡುತ್ತದೆ ಎಂಬ ಮಾತಿದೆ. ಕೆಡಿಸಿಕೊಂಡವರಿದ್ದಾರೆ, ನಿಜ, ಆದರೆ ಕಾರಣ ಹೆಚ್ಚಾಗಿ ಆತುರ. ಅಗ್ಗದ ಪ್ರಿಂಟರುಗಳಲ್ಲಿ ಇಂಕ್ ಚಿಮ್ಮಿಸುವ ತಲೆ ಕಾರ್ಟ್ರಿಡ್ಜಿಗೇ ಅಂಟಿಕೊಂಡಿರುತ್ತದೆ. ಒಳಗಿನ ಸೂಕ್ಷ್ಮ ಬಿಸಿಕಂಬಿಗಳು ಇಂಕನ್ನು ಕುದಿಸಿ ಹನಿ ಹೊರಹಾಕುತ್ತವೆ, ಆ ಇಂಕೇ ಅವನ್ನು ತಣ್ಣಗಿಡುತ್ತದೆ. ಪೂರ್ತಿ ಬತ್ತುವವರೆಗೆ ಓಡಿಸಿದರೆ ಕಂಬಿ ಸುಟ್ಟುಹೋಗುತ್ತದೆ, ಆಮೇಲೆ ಎಷ್ಟು ತುಂಬಿದರೂ ಅಷ್ಟೇ. ಅಕ್ಷರ ಮಸುಕಾಗತೊಡಗಿದಾಗಲೇ ತುಂಬಬೇಕು. ಮೇಲಿನ ಲೇಬಲ್ ಕಿತ್ತು, ರಂಧ್ರದಲ್ಲಿ ಸೂಜಿ ಇಳಿಸಿ, ಒಳಗಿನ ಸ್ಪಂಜು ಕುಡಿಯುವಷ್ಟೇ ನಿಧಾನಕ್ಕೆ ಬಿಡಬೇಕು. ಆಮೇಲೆ ತೇವದ ಟಿಶ್ಯೂ ಮೇಲೆ ತಲೆಯನ್ನು ಒತ್ತಿದರೆ ಬಣ್ಣದ ಕಾರ್ಟ್ರಿಡ್ಜ್ ಮೂರು ಗೆರೆ ಬಿಡಬೇಕು. ಒಂದಕ್ಕೊಂದು ಕಲೆತಿದ್ದರೆ ಹೆಚ್ಚಾಯಿತೆಂದು ತಿಳಿಯಿರಿ. ಏಪ್ರಿಲ್ ಬಿಸಿಲಿಗೆ ತಿಂಗಳು ಸುಮ್ಮನಿಟ್ಟ ತಲೆ ಒಣಗಿ ಕಟ್ಟಿಕೊಳ್ಳುತ್ತದೆ. ಅದು ಕಂಪನಿಯ ಇಂಕಿಗೂ ತಪ್ಪದು. ನಿಬ್ಬಿಗೆ ಹತ್ತಿದ ಮಸಿಯನ್ನು ತಲೆಗೂದಲಿಗೆ ಒರೆಸಿಕೊಂಡು ಶಾಲೆಗೆ ಹೋದ ತಲೆಮಾರಿಗೆ ಇದೇನು ಹೊಸ ವಿದ್ಯೆಯೆ?

ಯಂತ್ರ ಕಂಪನಿಯದು, ಅದರ ಇಂಕನ್ನೇ ಹಾಕಬೇಕು ಎನ್ನುವವರಿಗೆ ಉತ್ತರ ಮಾರುಕಟ್ಟೆಯಲ್ಲೇ ಇದೆ. ಇಂಡೋನೇಷ್ಯಾದ ಬಳಕೆದಾರರು ಪ್ರಿಂಟರಿನ ಪಕ್ಕಕ್ಕೆ ಡಬ್ಬಿ ಕಟ್ಟಿ, ಕೊಳವೆ ಎಳೆದು ಇಂಕ್ ಹರಿಸಿಕೊಳ್ಳುತ್ತಿದ್ದರು. ಎಪ್ಸನ್ 2010ರಲ್ಲಿ ಅಲ್ಲಿಯೇ ತನ್ನ ಇಂಕ್ ಟ್ಯಾಂಕ್ ಪ್ರಿಂಟರ್ ತಂದಿತು. ಇವತ್ತು ಕೊಪ್ಪೀಕರ್ ರಸ್ತೆಯಲ್ಲಿ ಕೇಳಿದರೂ ಮೊದಲು ತೋರಿಸುವುದು ಟ್ಯಾಂಕಿನದನ್ನೇ. ಮಂದಿ ಕದ್ದುಮುಚ್ಚಿ ಮಾಡುತ್ತಿದ್ದುದು ಕಂಪನಿಯ ಸೌಲಭ್ಯವಾಯಿತು. ಅಮೆರಿಕದ ಸುಪ್ರೀಂ ಕೋರ್ಟ್ 2017ರ ಮೇ ತಿಂಗಳಲ್ಲಿ ಲೆಕ್ಸ್‌ಮಾರ್ಕ್ ಮೊಕದ್ದಮೆಯಲ್ಲಿ, ಟೋನರ್ ಕಾರ್ಟ್ರಿಡ್ಜ್ ಒಮ್ಮೆ ಮಾರಿದ ಮೇಲೆ ಅದನ್ನು ಮತ್ತೆ ತುಂಬುವವರನ್ನು ಪೇಟೆಂಟ್ ಹೆಸರಿನಲ್ಲಿ ತಡೆಯಲಾಗದು ಎಂದಿತು. ಆ ತೀರ್ಪು ಇಲ್ಲಿ ಕಾನೂನಲ್ಲ. ಆದರೂ ದುಡ್ಡು ಕೊಟ್ಟು ಕೊಂಡದ್ದು ಕೊಂಡವರದು ಎಂಬ ಮಾತಿಗೆ ದುರ್ಗದಬೈಲಿನ ಯಾವ ವ್ಯಾಪಾರಿಯೂ ಎದುರಾಡಲಾರ. ಹೊರಗಿನ ಚಿಪ್ ಕಂಡೊಡನೆ ಮುಷ್ಕರ ಹೂಡುವ ಪ್ರಿಂಟರುಗಳು ಮುರಿಯುವುದು ಈ ಮಾತನ್ನೇ. ಸೋರಿದ ಇಂಕಿನಿಂದಾದ ಹಾನಿಯ ಹೊಣೆ ಮಾತ್ರ ತುಂಬಿದವರದೇ. ಅದನ್ನು ಕಂಪನಿಯ ತಲೆಗೆ ಕಟ್ಟುವುದು ನ್ಯಾಯವಲ್ಲ.

ಎಲ್ಲರೂ ಸಿರಿಂಜ್ ಹಿಡಿಯಬೇಕಿಲ್ಲ. ತಿಂಗಳಿಗೆ ಹತ್ತು ಹಾಳೆ ಬೇಕಾದವರಿಗೆ ಸಪ್ತಾಪುರದ ಝೆರಾಕ್ಸ್ ಅಂಗಡಿಯೇ ಅಗ್ಗ, ದಿನಕ್ಕೆ ಐವತ್ತು ತೆಗೆಯುವವರು ಟ್ಯಾಂಕಿನದನ್ನು ಕೊಳ್ಳಲಿ. ನಡುವಿನವರಿಗೆ, ಅದರಲ್ಲೂ ಯಂತ್ರ ಈಗಾಗಲೇ ಮನೆಯಲ್ಲಿ ಕೂತಿರುವವರಿಗೆ ಈ ಮಾತು. ಕೆಲವು ಸಲ ತುಂಬಿದ ಮೇಲೆ ತಲೆ ಸೋಲುತ್ತದೆ, ಆಗ ಅದು ಕಸ. 2022ರ ಇ-ತ್ಯಾಜ್ಯ ನಿಯಮಗಳ ಪಟ್ಟಿಯಲ್ಲಿ ಪ್ರಿಂಟರಿನ ಜೊತೆ ಕಾರ್ಟ್ರಿಡ್ಜೂ ಇದೆ, ಅದರ ವಿಲೇವಾರಿಯ ಹೊಣೆ ತಯಾರಕರದು. ನಾಲ್ಕು ಸಲ ತುಂಬಿ ಬಳಸಿದರೆ ಅಂಥ ನಾಲ್ಕು ಡಬ್ಬಿ ಕಡಿಮೆಯಾದವು. ಇನ್ನು ಪೊಟ್ಟಣದ ಪದಾರ್ಥಗಳಿಗೆ ಗ್ರಾಮಿಗೆ, ಮಿಲಿಗೆ ಎಷ್ಟು ಬೆಲೆ ಎಂದು ಅಚ್ಚು ಹಾಕುವ ನಿಯಮ ಬಂದಿದೆ. ಬಿಸ್ಕತ್ತಿಗೆ ಅನ್ವಯಿಸುವುದು ಇಂಕಿಗೆ ಯಾಕೆ ಬೇಡ? ಕಾರ್ಟ್ರಿಡ್ಜಿನ ಡಬ್ಬಿಯ ಮುಖದ ಮೇಲೆ ಒಳಗೆ ಎಷ್ಟು ಮಿಲಿ, ಪುಟಕ್ಕೆ ಎಷ್ಟು ರೂಪಾಯಿ ಎಂದು ದಪ್ಪ ಅಕ್ಷರದಲ್ಲಿ, ಕನ್ನಡದಲ್ಲಿ ಬರೆಯಲಿ. ತುಂಬುವುದೋ ಕೊಳ್ಳುವುದೋ ಎಂಬುದನ್ನು ಗಿರಾಕಿ ಅಂಗಡಿಯ ಕಟ್ಟೆಯ ಮೇಲೇ ತೀರ್ಮಾನಿಸುತ್ತಾನೆ.