ಬಹುದು, ಬೇಕು, ತಕ್ಕದ್ದು

ರಾಜಕೀಯ ವಾದಗಳಲ್ಲಿ ನಾಮಪದಗಳಿಗಾಗಿ ಜಗಳವಾಡುವವರು ಬಹುಮಂದಿ; ಕ್ರಿಯಾಪದದ ಕೊನೆಯನ್ನು ನೋಡುವವರು ವಿರಳ. ಹಕ್ಕು ನಿಲ್ಲುವುದೂ ಜಾರಿಹೋಗುವುದೂ ಅಲ್ಲಿಯೇ. ಪಾಣಿನಿಯು ಲಿಙ್ ಎಂಬ ಒಂದೇ ಲಕಾರಕ್ಕೆ ವಿಧಿ, ನಿಮಂತ್ರಣ, ಆಮಂತ್ರಣ, ಪ್ರಾರ್ಥನೆ ಮೊದಲಾದ ಆರು ಅರ್ಥಗಳನ್ನು ಹೇಳಿದನು. ನಿಮಂತ್ರಣವು ಮೀರಲಾಗದ ಕರೆ, ಆಮಂತ್ರಣವು ಇಷ್ಟವಿದ್ದರೆ ಬರುವ ಕರೆ ಎಂದು ವ್ಯಾಖ್ಯಾನಕಾರರು ಬಿಡಿಸಿದರು. ಕನ್ನಡದಲ್ಲಾದರೋ ಬಹುದು, ಬೇಕು, ತಕ್ಕದ್ದು ಎಂಬ ಬೇರೆಬೇರೆ ಮಾತುಗಳೇ ಉಂಟು. ಇಷ್ಟು ಬೆಳಕಿದ್ದರೂ ಜನರು ಎಡವುವುದೇಕೆ?

ಉಚ್ಚಂಗಿದುರ್ಗವಿರುವ ಹರಪನಹಳ್ಳಿ ತಾಲ್ಲೂಕನ್ನೇ ನೋಡಬಹುದು. ಅದು 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆ ಜಿಲ್ಲೆಗೆ ಸೇರಿತು. 2018ರಲ್ಲಿ ಬಳ್ಳಾರಿಗೆ ಮರಳಿತು. 2021ರಿಂದ ವಿಜಯನಗರ ಜಿಲ್ಲೆಯಲ್ಲಿದೆ. ಮರಳುವ ಹಂಬಲಕ್ಕೆ ದೊಡ್ಡ ಕಾರಣ, ಸಂವಿಧಾನಕ್ಕೆ 98ನೆಯ ತಿದ್ದುಪಡಿಯಿಂದ ಬಂದ 371(ಜೆ) ಅನುಚ್ಛೇದ. ಅದು ಉದ್ಯೋಗವನ್ನೂ ವ್ಯಾಸಂಗದ ಸ್ಥಾನಗಳನ್ನೂ ಕೊಡತಕ್ಕದ್ದೆಂದು ವಿಧಿಸಿದೆಯೆಂಬುದು ಸಾಮಾನ್ಯವಾದ ಭಾವನೆ. ವಸ್ತುತಃ ಅದರ ಮುಖ್ಯ ಕ್ರಿಯೆ ಬಹುದು: ರಾಷ್ಟ್ರಪತಿಯು ಆಜ್ಞೆಯ ಮೂಲಕ ರಾಜ್ಯಪಾಲರಿಗೆ ವಿಶೇಷ ಹೊಣೆಯನ್ನು ವಹಿಸಬಹುದು, ಆ ಆಜ್ಞೆಯು ಮೀಸಲಾತಿಯನ್ನು ಕಲ್ಪಿಸಬಹುದು. 2013ರಲ್ಲಿ ಆಜ್ಞೆಗಳು ಹೊರಟ ಮೇಲೆಯೇ ಆ ಬಹುದು ವಿಧಿಯಾಯಿತು. ಆಗ ಅನ್ಯ ಜಿಲ್ಲೆಯಲ್ಲಿದ್ದ ಹರಪನಹಳ್ಳಿಯ ಮಕ್ಕಳು 2018ರವರೆಗೂ ಹೊರಗೇ ಉಳಿದರು. ವ್ಯಾಕರಣದಿಂದ ಹೊಟ್ಟೆ ತುಂಬುವುದೇ ಎಂದು ಹಾಸ್ಯಮಾಡುವವರು ಆ ಮಕ್ಕಳ ತಂದೆತಾಯಿಗಳಿಗೆ ಉತ್ತರ ಹೇಳಲಿ.

ಬಹುದು ಹೀನವಾದ ಮಾತಲ್ಲ; ಅದು ಬಾಗಿಲು. ಒಳಹೋಗುವವನೊಬ್ಬನು ಬೇಕು. ದೋಷವಿರುವುದು ಕರ್ತೃವಿಲ್ಲದ ಬೇಕಿನಲ್ಲಿ. “ರಸ್ತೆಯಾಗಬೇಕು, ಹುದ್ದೆ ತುಂಬಬೇಕು” ಎಂದು ಸಭೆ ಕೂಗುತ್ತದೆ. ಯಾರು ಮಾಡಬೇಕೆಂಬುದು ವಾಕ್ಯದಲ್ಲಿಯೇ ಇಲ್ಲ. “ನೋಡೋಣ, ಆಗಬಹುದು” ಎಂದು ವೇದಿಕೆ ಉತ್ತರಿಸುತ್ತದೆ. ಜನರು ಅದನ್ನು ವಚನವೆಂದು ಭ್ರಮಿಸಿ ಚಪ್ಪಾಳೆ ತಟ್ಟುತ್ತಾರೆ. ಮರುವರ್ಷ ವಚನಭಂಗವಾಯಿತೆಂದು ದೂರಿದರೆ ಫಲವೇನು? ಕೊಡದ ವಚನಕ್ಕೆ ಭಂಗವೆಲ್ಲಿಯದು?

ಅದೇ ಅನುಚ್ಛೇದದಲ್ಲಿ, ಅಭಿವೃದ್ಧಿ ಮಂಡಳಿಯಾದ ಮೇಲೆ ಅದರ ಕಾರ್ಯದ ವರದಿಯನ್ನು ವರ್ಷಂಪ್ರತಿ ವಿಧಾನಸಭೆಯ ಮುಂದಿಡುವ ಮಾತು ಇದೆ; ಅಲ್ಲಿ ಬಹುದೆಂಬ ಸಡಿಲವಿಲ್ಲ. ತಿಳಿದ ಪ್ರಜೆಯು ಹಿಡಿಯತಕ್ಕದ್ದು ಅಂಥ ಕ್ರಿಯಾಪದವನ್ನು. ಯಾರು, ಯಾವಾಗ, ಏನು ಮಾಡತಕ್ಕದ್ದೆಂದು ಕೇಳಿದರೆ ನುಣುಚಿಕೊಳ್ಳಲು ಎಡೆಯಿರುವುದಿಲ್ಲ.

ಉಚ್ಚಂಗಿಯ ಬೆಟ್ಟವನ್ನೇರಿ ಉಚ್ಚಂಗೆಮ್ಮನಿಗೆ ಹರಕೆ ಹೊರುವ ಓದುಬಾರದ ಮುದುಕಿಯೂ “ಒಪ್ಪಿಸಿದರೂ ಒಪ್ಪಿಸಿಯೇನು” ಎನ್ನುವುದಿಲ್ಲ. “ಒಪ್ಪಿಸುತ್ತೇನೆ ತಾಯಿ” ಎನ್ನುತ್ತಾಳೆ. ದೇವಿಯ ಮುಂದೆ ಸಲ್ಲದ ಕ್ರಿಯಾಪದವು ಪ್ರಜೆಗಳ ಮುಂದೆ ಮಾತ್ರ ಸಲ್ಲುವುದು ಹೇಗೆ?