ಹೊಸ ತಂತ್ರಾಂಶಕ್ಕೆ ಮುನ್ನ ಒಂದು ಕೋಷ್ಟಕ

ಚಾಮರಾಜನಗರದ ಅರಿಶಿನ ವರ್ತಕರಾಗಲಿ, ಕರಿಕಲ್ಲಿನ ಉದ್ಯಮಿಗಳಾಗಲಿ, ಇಂದು ಗಣಕಯಂತ್ರವಿಲ್ಲದೆ ವ್ಯವಹರಿಸುವುದು ಕಷ್ಟ. 2017ರ ಜುಲೈ 1ರಂದು ಜಿಎಸ್‌ಟಿ, 2018ರ ಏಪ್ರಿಲ್ 1ರಂದು ಇ-ವೇ ಬಿಲ್ ಜಾರಿಗೆ ಬಂದ ಬಳಿಕ ಒಂದೊಂದು ಅಗತ್ಯಕ್ಕೆ ಒಂದೊಂದು ತಂತ್ರಾಂಶ ಬಂದು ಸೇರಿದೆ. ಅವುಗಳ ಪರಸ್ಪರ ಹೊಂದಾಣಿಕೆಯನ್ನು ಪರಿಶೀಲಿಸಿದವರು ವಿರಳ.

ಒಂದೇ ಲಾರಿಯ ತೂಕ, ಬೆಲೆಗಳನ್ನು ದಾಸ್ತಾನಿನ ಎಕ್ಸೆಲ್ ಪಟ್ಟಿಯಲ್ಲಿ, ಟ್ಯಾಲಿಯಲ್ಲಿ, ಇ-ವೇ ಬಿಲ್ ಜಾಲತಾಣದಲ್ಲಿ ಹೀಗೆ ಮೂರು ಬಾರಿ ಬರೆಯುವ ಮಳಿಗೆಗಳಿವೆ. ಮೂರು ಕಡೆ ಬರೆದರೆ ತಪ್ಪಿಗೂ ಮೂರು ಅವಕಾಶ. ದಾಖಲೆಗಳು ತಾಳೆಯಾಗದಿದ್ದರೆ ಸರಕನ್ನು ದಾರಿಯಲ್ಲೇ ತಡೆಹಿಡಿದು ದಂಡ ವಿಧಿಸಬಹುದು.

ಇನ್ನೊಂದೆಡೆ, ಅತ್ಯವಶ್ಯಕ ಸಂಗತಿಯೇ ಬಿಟ್ಟುಹೋಗಿರುತ್ತದೆ. ಗುಂಡ್ಲುಪೇಟೆಯಿಂದ ಬಂಡೀಪುರದ ಮೂಲಕ ಕೇರಳಕ್ಕೆ ಸಾಗುವ ಹೆದ್ದಾರಿ 766ರಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರಕ್ಕೆ ನಿರ್ಬಂಧವಿದೆ. ಇ-ವೇ ಬಿಲ್ಲಿನ ಅವಧಿ ದೂರವನ್ನು ಅವಲಂಬಿಸಿದೆ, ಗೇಟು ಮುಚ್ಚುವ ಹೊತ್ತನ್ನಲ್ಲ. ಲೆಕ್ಕದ ತಂತ್ರಾಂಶ ಬಿಲ್ಲಿನ ದಿನಾಂಕವನ್ನು ಬಲ್ಲದು, ಲಾರಿ ಹೊರಡಬೇಕಾದ ಗಂಟೆಯನ್ನಲ್ಲ. ಒಂದು ರಾತ್ರಿ ನಿಂತ ತರಕಾರಿಯ ನಷ್ಟವನ್ನು ಭರಿಸುವವರು ವರ್ತಕರೇ.

ಎಲ್ಲವನ್ನೂ ಒಳಗೊಂಡ ದುಬಾರಿ ತಂತ್ರಾಂಶವೇ ಪರಿಹಾರವೆಂಬ ವಾದವಿದೆ. ಸಣ್ಣ ಉದ್ದಿಮೆಗೆ ಅದು ಹೊರಲಾಗದ ಹೊರೆ. ಅದಕ್ಕೆ ಮುನ್ನ ಒಂದು ಹಾಳೆ ಸಾಕು: ಎಡಕ್ಕೆ ಖರೀದಿಯಿಂದ ವಸೂಲಿಯವರೆಗಿನ ಕೆಲಸಗಳು, ಮೇಲೆ ಬಳಕೆಯಲ್ಲಿರುವ ತಂತ್ರಾಂಶಗಳು. ಒಂದೇ ಸಾಲಿನಲ್ಲಿ ಎರಡು ಗುರುತು ಬಿದ್ದರೆ ಅಲ್ಲಿ ಪುನರಾವರ್ತನೆಯಿದೆ. ಯಾವ ಅಂಕಿ ಅಧಿಕೃತವೆಂದು ನಿರ್ಧರಿಸಿ, ಉಳಿದೆಡೆಗೆ ಅದನ್ನೇ ರವಾನಿಸಬೇಕು. ಗುರುತೇ ಇಲ್ಲದ ಸಾಲು ಕೊರತೆಯನ್ನು ತೋರಿಸುತ್ತದೆ. ಹಣ ವ್ಯಯಿಸಬೇಕಾದುದು ಅಲ್ಲಿಗೆ ಮಾತ್ರ. ಲಾರಿ ಹೊರಡುವ ವೇಳೆಯಂತಹ ಕೊರತೆಗೆ ಗೋಡೆಯ ಮೇಲಿನ ಹಲಗೆಯೂ ಸಾಕಾದೀತು.